ಅಂಡಮಾನ್ ಸೊಳ್ಳೆ, ತಲಕಾಯಲಬೆಟ್ಟದ ಸೊಳ್ಳೆ

ಅಂಡಮಾನ್ ಟ್ರಿಪ್ ಅಂದ ತಕ್ಷಣ ಮನೆಯಲ್ಲಿ ಗಲಾಟೆ: "ಐದು ತಿಂಗಳ ಬಸುರಿ, ಕಂಕುಳಲ್ಲಿ ಎರಡು ವರ್ಷದ ಮಗು, ಅಲ್ಲಿ ಸೊಳ್ಳೆ ಬೇರೆ!"

ಸೊಳ್ಳೆ ಭಯ ಸುಳ್ಳಲ್ಲ. ಬಸುರಿಗೆ ಝಿಕಾ ಸೋಂಕು ತಗುಲಿದರೆ ಹೊಟ್ಟೆಯಲ್ಲಿರೋ ಮಗುವಿನ ಮೆದುಳಿಗೇ ಪೆಟ್ಟು ಬೀಳಬಹುದು. ಲಸಿಕೆಯೂ ಇಲ್ಲ. ಆದ್ರೆ ಅದೇನು ದ್ವೀಪದ ಕಾಯಿಲೆನಾ? 2023ರಲ್ಲಿ ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲೇ ಝಿಕಾ ವೈರಸ್ ಸಿಕ್ಕಿತ್ತು. ಸುತ್ತಲಿನ ಊರುಗಳ ಬಸುರಿಯರ ರಕ್ತ ಪರೀಕ್ಷೆಗೆ ಹೋಯ್ತು. ಪುಣ್ಯಕ್ಕೆ ಯಾರಲ್ಲೂ ಸೋಂಕು ಕಾಣಲಿಲ್ಲ. ಈ ಈಡಿಸ್ ಸೊಳ್ಳೆ ಕಚ್ಚೋದು ಹೆಚ್ಚಾಗಿ ಹಗಲಲ್ಲಿ. ರಾತ್ರಿ ಕಾಯಿಲ್ ಹಚ್ಚಿ ಮಲಗಿದ್ರೆ ಚಿಂತಾಮಣಿಯಲ್ಲೂ ಸಾಲದು, ಹ್ಯಾವ್‌ಲಾಕ್‌ನಲ್ಲೂ ಸಾಲದು. ತುಂಬುತೋಳಿನ ಬಟ್ಟೆ, ಡಾಕ್ಟರ್ ಒಪ್ಪಿದ ಕ್ರೀಮು, ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ.

ನನಗೆ ಸೊಳ್ಳೆಗಿಂತ ಹೆಚ್ಚು ಭಯ ಸಮುದ್ರದ್ದು. ದೊಡ್ಡಾಸ್ಪತ್ರೆ ಇರೋದು ಪೋರ್ಟ್‌ಬ್ಲೇರ್‌ನಲ್ಲಿ. ಹ್ಯಾವ್‌ಲಾಕ್‌ನಿಂದ ಅಲ್ಲಿಗೆ ಹಡಗಲ್ಲಿ ಒಂದೂವರೆ ಗಂಟೆಯಾದ್ರೂ ಬೇಕು, ಅದೂ ಹಗಲಲ್ಲಿ. ಗೌರಿಬಿದನೂರಿಂದಾದ್ರೆ ನಡುರಾತ್ರಿಯಲ್ಲೂ ಕಾರು ಹತ್ತಿ ಬೆಂಗಳೂರು ಸೇರಬಹುದು. ಹಾಗಾಗಿ ರಾತ್ರಿ ವಾಸ್ತವ್ಯ ಪೋರ್ಟ್‌ಬ್ಲೇರ್‌ನಲ್ಲೇ ಇರಲಿ. ಹೊರಡೋದಾದ್ರೆ ಆರು ತಿಂಗಳು ತುಂಬೋದರೊಳಗೆ, ಡಾಕ್ಟರನ್ನ ಕೇಳಿಕೊಂಡೇ. ತಿಂಗಳು ತುಂಬ್ತಾ ಬಂದ ಹಾಗೆ ವಿಮಾನದವರು ಡಾಕ್ಟರ್ ಚೀಟಿ ಕೇಳ್ತಾರೆ. ಇನ್ನು ಮಗುವಿಗೆ ಎರಡು ವರ್ಷ ತುಂಬಿದ್ರೆ ತೊಡೆ ಮೇಲೆ ಕೂರಿಸಿಕೊಳ್ಳೋ ಹಾಗಿಲ್ಲ, ಅದಕ್ಕೂ ಟಿಕೆಟ್!