ಬೈಗುಳ ಚೀನಾಕ್ಕೆ, ಬೀಗ ಭದ್ರಾವತಿಗೆ

ಈ ವಾರ ಅಡಿಕೆ ಬೆಳೆಗಾರರ ಸಭೆಯೊಂದಕ್ಕೆ ಹೋಗಿದ್ದೆ. ವೇದಿಕೆ ಮೇಲಿದ್ದವರು ಸರದಿ ಹಾಕಿಕೊಂಡು ದೇಶಗಳನ್ನು ಬೈದರು. ಮೊದಲು ಭೂತಾನ್, ಆಮೇಲೆ ಬರ್ಮಾ, ಅದರ ಹಿಂದೆ ಶ್ರೀಲಂಕಾ, ಇಂಡೊನೇಷ್ಯಾ. ಊಟದ ಹೊತ್ತಿಗೆ ವಿಯೆಟ್ನಾಂ ಮುಗಿದು ಚೀನಾದ ಪಾಳಿ ಬಂದಿತ್ತು. ಕೊನೆಯಲ್ಲಿ ಮಾತಾಡಿದ ಮುಖಂಡರಂತೂ, ಇನ್ನು ಹತ್ತೇ ವರ್ಷ, ಚೀನಾ ನಮ್ಮ ಹಿಂದೆ ಕೈಕಟ್ಟಿ ನಿಂತಿರುತ್ತದೆ ಎಂದುಬಿಟ್ಟರು. ಶಾಮಿಯಾನ ಹಾರಿಹೋಗುವಂಥ ಚಪ್ಪಾಳೆ. ಬುಕ್ಕಾಂಬುಧಿಯಿಂದ ಬಂದು ನನ್ನ ಪಕ್ಕದಲ್ಲೇ ಕೂತಿದ್ದ ನಮ್ಮ ಭಾವನವರೂ ತಟ್ಟಿದರು. ನನಗೆ ಸಿಟ್ಟು ಬಂದದ್ದು ಆವಾಗ. ಮುಖಂಡರಿಗೆ ಭಾವನವರ ತೋಟದ ದೋಟಿಯ ಕಥೆ ಗೊತ್ತಿಲ್ಲ. ಭಾವನವರಿಗೆ ಗೊತ್ತಿದೆ. ಗೊತ್ತಿದ್ದೂ ತಟ್ಟಿದರಲ್ಲ!

ದೂರು ಸುಳ್ಳೇನಲ್ಲ. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ, ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ಒಳಗೆ ಬರಲಿ ಎಂದು ಕೇಂದ್ರವೇ ಬಾಗಿಲು ತೆಗೆಯಿತು. ಕೂಗಾಟ ಎದ್ದ ಮೇಲೆ 2023ರ ಫೆಬ್ರುವರಿಯಲ್ಲಿ ಬೇರೆ ಕಡೆಯಿಂದ ಬರುವ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಕಾಳುಮೆಣಸಿಗೆ 2017ರಲ್ಲೇ 500 ರೂಪಾಯಿ ಕಟ್ಟಿದ್ದರು. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರು ಹೊತ್ತು ಬರುತ್ತಿತ್ತು ಎನ್ನುವುದು ನಮ್ಮ ಜಿಲ್ಲೆಯ ಬೆಳೆಗಾರರಿಗೆ ಹೊಸ ಸುದ್ದಿಯಲ್ಲ. ಬೇಲಿ ಬೇಕು, ಒಪ್ಪಿದೆ. ಬೇಲಿ ಹಾಕಿಕೊಂಡು ಒಳಗೆ ಏನು ಮಾಡಿದಿರಿ ಎಂದು ಕೇಳಿದರೆ ಮಾತ್ರ ಸಭೆಯಲ್ಲಿ ಎಲ್ಲರಿಗೂ ಕೆಮ್ಮು ಬರುತ್ತದೆ.

ಅಜ್ಜಂಪುರದ ಕಡೆಯವರಿಗೆ ಈರುಳ್ಳಿಯ ನೆನಪಿದ್ದರೆ ಸಾಕು. 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದ್ದು ಬೀಜಿಂಗ್ ಅಲ್ಲ, ದಿಲ್ಲಿ. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದರು, ಬದಲಿಗೆ ಶೇ 40ರ ಸುಂಕ ಹೇರಿದರು. ಸುಂಕ ಪೂರ್ತಿ ಹೋಗುವಷ್ಟರಲ್ಲಿ 2025ರ ಏಪ್ರಿಲ್ ಬಂತು. 2019ರಲ್ಲೂ 2020ರಲ್ಲೂ ಇದೇ ನಾಟಕ ಆಗಿತ್ತು. ಪ್ರತಿ ಸಲವೂ ನಮ್ಮ ಈರುಳ್ಳಿ ನಂಬಿದ್ದ ಬಾಂಗ್ಲಾದೇಶದ ವ್ಯಾಪಾರಿ ಎಷ್ಟು ದಿನ ಕಾಯುತ್ತಾನೆ? ಪಾಕಿಸ್ತಾನದ್ದೋ ಚೀನಾದ್ದೋ ತರಿಸಿಕೊಂಡ. ಗಿರಾಕಿಯನ್ನು ನಾವೇ ಕತ್ತು ಹಿಡಿದು ಹೊರಗೆ ಕಳಿಸಿ, ಅವನು ಪಕ್ಕದ ಅಂಗಡಿಗೆ ಹೋದ ಎಂದು ಪಕ್ಕದ ಅಂಗಡಿಯವನಿಗೆ ಬೈಯುವ ಜಾತಿ ನಮ್ಮದು.

ವಿಯೆಟ್ನಾಂ ವಿಷಯಕ್ಕೆ ಬರೋಣ. 1975ರವರೆಗೆ ಯುದ್ಧದಲ್ಲಿ ಬೆಂದ ದೇಶ ಅದು. 1986ರಲ್ಲಿ ಆರ್ಥಿಕ ನೀತಿ ಬದಲಿಸಿಕೊಂಡಿತು. ಇವತ್ತು ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ಅವರೇ, ನಮ್ಮ ಇಡೀ ದೇಶದ ಬೆಳೆಯ ಸುಮಾರು ಐದು ಪಟ್ಟು. ಕಾಳುಮೆಣಸಿನಲ್ಲೂ ಅವರದೇ ಮೊದಲ ಸ್ಥಾನ. 2008ರ ಸುಮಾರಿಗೆ ಕೊರಿಯಾದ ಸ್ಯಾಮ್‌ಸಂಗ್ ಅಲ್ಲಿಗೆ ಮೊಬೈಲ್ ಕಾರ್ಖಾನೆ ತಂದಿತು. ಬಾಬಾಬುಡನ್ ಯೆಮೆನ್‌ನಿಂದ ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟ ಕಥೆಯನ್ನು ನಾವು ಮಾತ್ರ ಪ್ರತಿ ವಿಚಾರ ಸಂಕಿರಣದಲ್ಲೂ ಬಿಸಿಬಿಸಿ ಬಡಿಸುತ್ತಿದ್ದೇವೆ.

ಇಲ್ಲಿ ನನ್ನ ಹಳೇ ರಾಗ ಬರುತ್ತದೆ, ಬೇಜಾರಾದವರು ಒಂದು ಪ್ಯಾರಾ ದಾಟಿಕೊಳ್ಳಬಹುದು. ಅಮೃತಮಹಲ್. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಮುಂದೆ ಹಾಯುವಾಗಲೆಲ್ಲ ನನಗೆ ಬ್ರೆಜಿಲ್ ನೆನಪಾಗುತ್ತದೆ. ನೆಲ್ಲೂರು, ಓಂಗೋಲ್ ಕಡೆಯ ಹೋರಿಗಳನ್ನು ಹಡಗು ಹತ್ತಿಸಿಕೊಂಡು ಹೋದ ಆ ಜನ ಅದಕ್ಕೆ ನೆಲೋರ್ ಎಂದು ಹೆಸರಿಟ್ಟರು. ಕೊನೆಯ ದೊಡ್ಡ ಸಾಗಣೆ 1960ರ ದಶಕದ ಆರಂಭದಲ್ಲಿ. ಪ್ರತಿ ರಾಸಿನ ತಾಯಿ ತಂದೆ ಯಾರೆಂದು ಬರೆದಿಟ್ಟುಕೊಂಡು ತಳಿ ಕಟ್ಟಿದರು. ಈಗ ಅಲ್ಲಿಯ ಒಂದು ನೆಲೋರ್ ಹಸುವಿನ ಬೆಲೆ 40 ಲಕ್ಷ ಡಾಲರ್ ದಾಟಿ ದಾಖಲೆಯಾಗಿದೆ. ಅವರು ಮಾಂಸಕ್ಕೆ ಸಾಕುತ್ತಾರೆ, ನಮಗದು ಬೇಡ. ಆದರೆ ಗುಜರಾತಿನ ಗಿರ್ ತಳಿಯನ್ನು ಹಾಲಿಗೆಂದೇ ಬೆಳೆಸಿದವರೂ ಅವರೇ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಅಮೃತಮಹಲ್‌ಗೆ ನಾವು ಮಾಡಿದ್ದೇನು? ಅದು ಮೇಯುವ ಕಾವಲುಗಳನ್ನು ತುಂಡು ತುಂಡು ಮಾಡಿ ಹಂಚಿದೆವು. ಚಳ್ಳಕೆರೆಯ ಕಾವಲು ರಕ್ಷಣಾ ಸಂಸ್ಥೆ, ಅಣು ಸಂಸ್ಥೆಗಳ ಪಾಲಾಯಿತು. ಮಿಕ್ಕಿದ್ದಕ್ಕೆ ಒತ್ತುವರಿದಾರರಿದ್ದಾರೆ. ತಳಿ ನಮ್ಮದು ಎಂದು ಎದೆ ತಟ್ಟಿಕೊಳ್ಳಲು ಮಾತ್ರ ಯಾರ ಅಡ್ಡಿಯೂ ಇಲ್ಲ.

ಇರಲಿ, ಕಬ್ಬಿಣಕ್ಕೆ ಬರುತ್ತೇನೆ. ಕಾರ್ಖಾನೆ ಕಟ್ಟುವ ಪೈಪೋಟಿ ಎಂದರೆ ಮೊದಲು ಕಬ್ಬಿಣವೇ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಗಳಲ್ಲಿ ತಂತಿಯ ಮೇಲೆ ಬೆಟ್ಟ ಇಳಿದು, ಟ್ರಾಮ್ ಹತ್ತಿ ಭದ್ರಾವತಿಗೆ ಹೋಗುತ್ತಿತ್ತು. ಮೈಸೂರು ಕಬ್ಬಿಣ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಗಿ, 1923ರಲ್ಲಿ ಕುಲುಮೆ ಹೊತ್ತಿತು. ಕಲ್ಲಿದ್ದಲಿಲ್ಲದ ನಾಡು, ಕಾಡಿನ ಸೌದೆಯ ಇದ್ದಲಿನಲ್ಲೇ ಕಬ್ಬಿಣ ಕರಗಿಸಿದರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಕರೆದು ಕೂರಿಸಿದ್ದು ನಷ್ಟದಲ್ಲಿದ್ದ ಆ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಲು. 1929ರವರೆಗೆ ದುಡಿದು ನಿಲ್ಲಿಸಿದರು. ತಮಗೆ ಬರಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಕಬ್ಬಿಣ ಮಾಡಿದರೆ ಸಾಲದು, ಅದನ್ನು ತಿದ್ದುವ ಕೈಗಳೂ ಬೇಕು ಎನ್ನುವ ಲೆಕ್ಕ ಆ ಮನುಷ್ಯನಿಗಿತ್ತು.

ಕೊರಿಯಾದ ಪೊಹಾಂಗ್‌ನಲ್ಲಿ ಪೋಸ್ಕೋದ ಕುಲುಮೆ ಹೊತ್ತಿದ್ದು 1973ರಲ್ಲಿ. ಭದ್ರಾವತಿಗಿಂತ 50 ವರ್ಷ ಚಿಕ್ಕದು! ಆಗ ಅದೂ ಬಡ ದೇಶವೇ. 2010ರಲ್ಲಿ ಅದೇ ಪೋಸ್ಕೋ ನಮ್ಮ ಗದಗ ಜಿಲ್ಲೆಯ ಹಳ್ಳಿಗುಡಿಗೆ ಬಂದು, 32,000 ಕೋಟಿ ರೂಪಾಯಿ ಹಾಕಿ 60 ಲಕ್ಷ ಟನ್‌ನ ಕಾರ್ಖಾನೆ ಕಟ್ಟುತ್ತೇನೆ ಎಂದಿತು. ಫಲವತ್ತಾದ ಭೂಮಿ ಬಿಟ್ಟುಕೊಡುವುದಿಲ್ಲ ಎಂದು ರೈತರು, ತೋಂಟದ ಸಿದ್ಧಲಿಂಗ ಸ್ವಾಮಿಗಳು ನಿಂತರು. 2013ರಲ್ಲಿ ಪೋಸ್ಕೋ ಯೋಜನೆ ಕೈಬಿಟ್ಟಿತು. ರೈತರು ಮಾಡಿದ್ದು ಸರಿ ಎಂದು ಆಗಲೂ ಬರೆದಿದ್ದೆ. ನನ್ನ ತಕರಾರು ಬೇರೆ. ಉಕ್ಕು ಮಾಡಲು ಕೊರಿಯಾದವರನ್ನು ಕೆಂಪುಗಂಬಳಿ ಹಾಸಿ ಕರೆದ ದಿನಗಳಲ್ಲೇ ಪಕ್ಕದ ಭದ್ರಾವತಿಗೆ ಸ್ವಂತದ ಒಂದು ಅದಿರು ಗಣಿ ಓಡಿಸಿಕೊಡಲು ನಮ್ಮಿಂದ ಆಗಲಿಲ್ಲ. ಸಂಡೂರಿನ ಗಣಿಯ ಅದಿರು ಆ ವರ್ಷಗಳಲ್ಲಿ ಲಾರಿ ಲಾರಿ ಬಂದರಿಗೆ ಹೋಗಿ, ಚೀನಾದ ಕುಲುಮೆಗೆ ಬೀಳುತ್ತಿತ್ತು. 2010ರಲ್ಲಿ ರಾಜ್ಯ ರಫ್ತು ನಿಲ್ಲಿಸಿ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸುವವರೆಗೆ ಗುಡ್ಡಗಳು ಕರಗಿದವು. ಇವತ್ತು ವರ್ಷಕ್ಕೆ ಸುಮಾರು ನೂರು ಕೋಟಿ ಟನ್ ಉಕ್ಕು ಮಾಡುವ ಚೀನಾ ನಮ್ಮ ಮಾರುಕಟ್ಟೆಯಲ್ಲಿ ಅಗ್ಗದ ಉಕ್ಕು ಸುರಿಯುತ್ತಿದೆ ಎಂದು ನಾವು ಅಳುವಾಗ ಆ ಲಾರಿಗಳ ಮಾಲೀಕರೂ ಜೊತೆಗೆ ಅಳುತ್ತಾರೆ. ನೋಡಲು ಚೆನ್ನಾಗಿರುತ್ತದೆ.

ನಮ್ಮದೇ ಜಿಲ್ಲೆಯ ಕುದುರೆಮುಖವೂ ಇದೇ ಪಾಠ. 1975ರಲ್ಲಿ ಇರಾನಿನ ಷಾ 63 ಕೋಟಿ ಡಾಲರ್ ಸಾಲ ಕೊಡುತ್ತೇನೆ, ಅದಿರು ನನಗೆ ಕೊಡಿ ಎಂದ. ಎರಡು ಏಷ್ಯಾ ದೇಶಗಳು ಬಿಳಿಯರ ಹಂಗಿಲ್ಲದೆ ಕೊಡುಕೊಳ್ಳುವ ದೊಡ್ಡ ಮಾತು ಅದು. 1979ರಲ್ಲಿ ಷಾ ಓಡಿದ, ಗಿರಾಕಿ ಕೈಬಿಟ್ಟ. ಕೆಸರಿನಂಥ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿದು ಕಂಡ ಕಂಡ ದೇಶಕ್ಕೆ ಹಡಗು ಹತ್ತಿತು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆಜ್ಞೆಯಂತೆ ಗಣಿ ನಿಂತಿತು. ನಿಂತದ್ದು ಒಳ್ಳೆಯದೇ, ಭದ್ರೆ ತುಂಗೆ ಬದುಕಿಕೊಂಡವು. ಆದರೆ ಇಪ್ಪತ್ತೈದು ವರ್ಷ ಬೆಟ್ಟ ಬಗೆದ ಜಿಲ್ಲೆಯಲ್ಲಿ ಉಳಿದದ್ದು ಲಖ್ಯಾ ಅಣೆಕಟ್ಟೆಯ ತುಂಬ ಹೂಳು ಮತ್ತು ಖಾಲಿ ಕ್ವಾರ್ಟರ್ಸು.

ಈಗ ದೋಟಿ. ಬುಕ್ಕಾಂಬುಧಿ ಸುತ್ತಿನ ರಾಗಿ, ಈರುಳ್ಳಿ ಹೊಲಗಳೆಲ್ಲ ಕೊಳವೆಬಾವಿಯ ಧೈರ್ಯದ ಮೇಲೆ ಅಡಿಕೆ ತೋಟ ಆಗುತ್ತಿವೆ. ಮರ ಹತ್ತಿ ಗೊನೆ ಕೊಯ್ಯುವವರು ಸಿಗುವುದಿಲ್ಲ. ಹಾಗಾಗಿ ಭಾವನವರು ಸಾಲ ಸೋಲ ಮಾಡಿ ಕಾರ್ಬನ್ ಫೈಬರ್ ದೋಟಿ ತಂದರು. ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗದು. ಒಂದರೊಳಗೊಂದು ಸೇರಿಕೊಂಡ ಕರಿ ಕೊಳವೆಗಳು, ಒಂದೊಂದನ್ನೂ ಎಳೆದು ಕ್ಲಿಪ್ ಒತ್ತಿದರೆ ಮರದ ತುದಿ ಮುಟ್ಟುತ್ತದೆ. ಮೇಲೆ ಕತ್ತಿ. ಕೊಳವೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಚೀನಾ. ಎರಡನೇ ಕೊಯ್ಲಿಗೆ ನಡುವಿನ ಒಂದು ಕ್ಲಿಪ್ ಮುರಿಯಿತು. ಬೆರಳುದ್ದದ ಪ್ಲಾಸ್ಟಿಕ್ಕು. ಮಾರಿದ ಅಂಗಡಿಯವ, ಬಿಡಿಭಾಗ ಬರುವುದಿಲ್ಲ, ಬೇಕಾದರೆ ಆ ಇಡೀ ಕೊಳವೆ ತರಿಸಿಕೊಡುತ್ತೇನೆ ಎಂದ. ಗೊನೆ ಹಣ್ಣಾಗುತ್ತಿತ್ತು. ತರೀಕೆರೆಯಲ್ಲಿ ಕೇಳಿ, ಸಿಗದೆ, ಕೊನೆಗೆ ನಾನೂ ಅವರೂ ಭದ್ರಾವತಿಗೆ ಹೋದೆವು.

ಅಲ್ಲೊಂದು ಗಲ್ಲಿಯಲ್ಲಿ ಲೇತ್ ಇಟ್ಟುಕೊಂಡ ಹಿರಿಯರು, ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಮುರಿದ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ವರ್ನಿಯರ್ ಹಾಕಿ ಅಳೆದು ಅಳತೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಅಲ್ಯೂಮಿನಿಯಂ ತುಂಡೊಂದನ್ನು ಕಡೆದು, ಅರದಲ್ಲಿ ಉಜ್ಜಿ, ಸೈಕಲ್ ಬ್ರೇಕಿನ ಸ್ಪ್ರಿಂಗ್ ಕೂರಿಸಿದರು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಕ್ಲಿಪ್ ರೆಡಿ. ಟಕ್ ಎಂದು ಕೂತಿತು, ಇವತ್ತಿಗೂ ಮುರಿದಿಲ್ಲ. ಇಂಥದ್ದನ್ನು ನೂರಾರು ಮಾಡಿ ಮಾರಬಾರದೇಕೆ ಯಜಮಾನರೇ ಎಂದೆ.

"ಒಂದು ಮಾಡ್ಕೊಟ್ಟೆ ಸಾರ್. ನೂರು ಮಾಡು ಅಂದ್ರೆ ಡೈ ಹಾಕ್ಬೇಕು, ಪ್ರೆಸ್ಸು ಬೇಕು. ಬ್ಯಾಂಕ್‌ನೋರು ನನ್ನ ವಯಸ್ಸು ನೋಡ್ತಾರೆ. ಕಲಿಯೋಕೆ ಹುಡುಗ್ರೂ ಬರಲ್ಲ. ನನ್ ಮಗನೇ ಬೆಂಗ್ಳೂರಲ್ಲಿ ಪಾರ್ಸೆಲ್ ಹಂಚ್ತಾನೆ."

ಚೀನಾ ಗೆದ್ದದ್ದು ಎಲ್ಲಿ ಎಂದು ಕೇಳುವವರಿಗೆ ನನ್ನ ಹತ್ತಿರ ಇದಕ್ಕಿಂತ ಬೇರೆ ಉತ್ತರವಿಲ್ಲ. ಆ ಹಿರಿಯರಂಥ ಕೈಗಳು ಅಲ್ಲೂ ಇದ್ದವು. ಅಲ್ಲಿಯ ಸರ್ಕಾರ, ಬ್ಯಾಂಕು, ಊರಿನ ಮುಖಂಡ ಎಲ್ಲರೂ ಸೇರಿ ಆ ಕೈಗಳ ಸುತ್ತ ಒಂದು ಪೇಟೆ ಕಟ್ಟಿದರು: ಒಬ್ಬ ಕ್ಲಿಪ್, ಪಕ್ಕದವ ಸ್ಪ್ರಿಂಗ್, ಆಚೆ ಬೀದಿಯವ ಕೊಳವೆ. ನಾವು ಕೈಗಳನ್ನು ನಿವೃತ್ತಿ ಮಾಡಿ ಕಳಿಸಿ, ಕೊಳವೆಗೆ ಸಬ್ಸಿಡಿ ಕೊಟ್ಟೆವು. 2025ರಲ್ಲಿ ಚೀನಾ ಒಂದು ಸಲ ಕೈ ಬಿಗಿ ಮಾಡಿದ್ದಕ್ಕೆ ನೀರಿನಲ್ಲಿ ಕರಗುವ ಗೊಬ್ಬರ ಸಿಗದೆ ಡ್ರಿಪ್ ಹಾಕಿಸಿದವರು ಅಂಗಡಿಯಿಂದ ಅಂಗಡಿಗೆ ಅಲೆದರು. ಅದೇ ವರ್ಷ ಆಯಸ್ಕಾಂತ ನಿಲ್ಲಿಸಿದಾಗ ನಮ್ಮ ವಾಹನ ಕಂಪನಿಗಳು ದಿಲ್ಲಿಗೆ ಓಡಿದವು. ಬೆಂಗಳೂರಿನ ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುತ್ತೇವೆ, ಸಂತೋಷ. ಒಂದು ಕ್ಲಿಪ್ಪಿಗೆ ಗತಿಯಿಲ್ಲದವರು ಅದರೊಳಗಿನ ಎಷ್ಟು ಭಾಗ ನಮ್ಮದು ಎಂದು ಜೋರಾಗಿ ಕೇಳದಿರುವುದೇ ಲೇಸು.

ಹೀಗೆ ಬರೆದಾಗಲೆಲ್ಲ ಒಂದಿಷ್ಟು ಪತ್ರ ಬರುತ್ತವೆ: ನಷ್ಟದ ಕಾರ್ಖಾನೆ ಮುಚ್ಚಿದರೆ ತಪ್ಪೇನು ಸ್ವಾಮಿ, ತೆರಿಗೆ ನಮ್ಮದಲ್ಲವೇ ಎಂದು. ನೂರು ವರ್ಷದ ಕುಲುಮೆಯನ್ನು ಮ್ಯೂಸಿಯಂಗೆ ಕಳಿಸಿ, ನಾನು ಅಡ್ಡ ಬರುವುದಿಲ್ಲ. ಆದರೆ ಗಣಿ ಕೊಡದೆ, ಬಂಡವಾಳ ಹಾಕದೆ, ಕಾಲಿಗೆ ಹಗ್ಗ ಕಟ್ಟಿ ಓಡು ಎಂದು, ಬಿದ್ದ ಮೇಲೆ ಇದಕ್ಕೆ ಓಡಲು ಬರುವುದಿಲ್ಲ ಎನ್ನುವುದು ಯಾವ ಅರ್ಥಶಾಸ್ತ್ರ? 1998ರಲ್ಲಿ ಭದ್ರಾವತಿ ಕಾರ್ಖಾನೆಯನ್ನು ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನ ಮಾಡಿದಾಗ ಪಟಾಕಿ ಹೊಡೆದರು. 2023ರ ಜನವರಿಯಲ್ಲಿ ಮುಚ್ಚುತ್ತೇವೆ ಎಂದರು. ಕಾರ್ಮಿಕರು ಬೀದಿಗೆ ಬಂದ ಮೇಲೆ ಅದೇ ವರ್ಷ ಹೊರಗಿನಿಂದ ಉಕ್ಕಿನ ಗಟ್ಟಿ ತರಿಸಿ ಒಂದು ಘಟಕಕ್ಕೆ ಜೀವ ಕೊಟ್ಟರು. ಅದಿರಿನ ನಾಡಿನ ಕಾರ್ಖಾನೆಗೆ ಬೇರೆ ರಾಜ್ಯದಿಂದ ಉಕ್ಕು! ಪಕ್ಕದ ಎಂಪಿಎಂ ಕಾಗದ ಕಾರ್ಖಾನೆ 1936ರದ್ದು. ಅದು ಮಾತು ನಿಲ್ಲಿಸಿ ಹತ್ತು ವರ್ಷ ಕಳೆದಿದೆ.

ಹಾಗೆಂದು ಭದ್ರಾವತಿಯಲ್ಲಿ ಉದ್ಯಮವೇ ಇಲ್ಲ ಎನ್ನಬೇಡಿ. ಪುನಶ್ಚೇತನದ ಭರವಸೆ ತಯಾರಿಸುವ ಉದ್ಯಮ ಅಲ್ಲಿ ಚೆನ್ನಾಗಿ ನಡೆದಿದೆ. ಅದಕ್ಕೆ ಗಣಿ ಬೇಡ, ಸೌದೆ ಬೇಡ, ಟರ್ನರ್ ಬೇಡ. ಒಬ್ಬ ಮಂತ್ರಿ, ಒಂದು ಹೆಲ್ಮೆಟ್, ನಾಲ್ಕು ಕ್ಯಾಮೆರಾ ಸಾಕು. ಐದು ವರ್ಷಕ್ಕೊಮ್ಮೆ ಹೊಸ ಮಾಲು. ಈ ಒಂದು ಉತ್ಪನ್ನದಲ್ಲಿ ಚೀನಾ ನಮ್ಮನ್ನು ಎಂದಿಗೂ ಸೋಲಿಸಲಾರದು. ಅಲ್ಲಿ ಚುನಾವಣೆಯೇ ಇಲ್ಲವಲ್ಲ.