ಪರದೆ ಯಾರದು?

ಊರಿಗೆ ಹೋದಾಗೆಲ್ಲ ಏನಾದರೊಂದು ತಲೆಯಲ್ಲಿ ಹೊತ್ತುಕೊಂಡೇ ಬರುತ್ತೇನೆ. ಈ ಸಲ ಹೊತ್ತು ತಂದದ್ದು ಒಂದು ನಾಟಕದ ತಾಲೀಮು.

ಹಾನಗಲ್ಲ ತಾಲೂಕಿನ ನಮ್ಮೂರಲ್ಲಿ ಜಾತ್ರೆಗೆ ಹುಡುಗರು ಸೇರಿ ಒಂದು ನಾಟಕ ಆಡುತ್ತಾರೆ. ಈ ಬಾರಿ ಸರದಾರನ ಪಾತ್ರಕ್ಕೆ ಸಿಕ್ಕವನು ಸವಣೂರಿನಿಂದ ಬಂದು ನಮ್ಮೂರ ಗ್ಯಾರೇಜಿನಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗ. ನಿಂತರೆ ಸ್ಟೇಜು ತುಂಬುವ ಆಳು, ಹಿಂದಿನ ಸಾಲಿಗೂ ಮುಟ್ಟುವ ದನಿ. ಮನೆಮಾತು ಉರ್ದು. ಕನ್ನಡ ಚೆನ್ನಾಗಿಯೇ ಬರುತ್ತದೆ, 'ಳ' ಮಾತ್ರ ಆಗಾಗ 'ಲ' ಆಗುತ್ತದೆ, ಅಷ್ಟೇ. ಸಿಟ್ಟಿನ ಸೀನಿನಲ್ಲಿ ತಾನಾಗಿಯೇ ಎರಡು ಮಾತು ಉರ್ದುವಿನಲ್ಲಿ ಸೇರಿಸಿಬಿಟ್ಟ. ಕೂತವರು ಚಪ್ಪಾಳೆ ಹೊಡೆದರು. ಹಿರಿಯರೊಬ್ಬರು ಮಾತ್ರ ಎದ್ದು ನಿಂತು, "ತಮ್ಮಾ, ಇದು ಕನ್ನಡ ನಾಟಕ ಐತಿ. ಹೊರಗಿನ ಮಾತು ನಮ್ಮ ಪರದೆ ಮುಂದ ಬ್ಯಾಡ" ಅಂದರು. ಹುಡುಗ "ಆತ್ರಿ ಕಾಕಾ" ಅಂದ. ಮರುದಿನದಿಂದ ತಾಲೀಮಿಗೆ ಬರಲಿಲ್ಲ. ಪಾತ್ರ ಬೇರೆಯವರ ಪಾಲಾಯಿತು.

ನಾನೂ ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಅಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ... ಹೇಡಿಗಳ ಪಾಲಿಗೆ ಕೀಬೋರ್ಡು ಇದೆಯಲ್ಲ!

ಮೊದಲು ಆ 'ಪರದೆ'ಯನ್ನೇ ನೋಡೋಣ. ಅದು ಇರಾನಿನ ಫಾರ್ಸಿ ಮಾತು. ಪೋಷಾಕು, ದರಬಾರು, ಸರದಾರ ಕೂಡ ಹಾಗೇ. ತಾಲೀಮು ಅರಬ್ಬಿಯಲ್ಲಿ ಹುಟ್ಟಿ ಫಾರ್ಸಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದದ್ದು. ಪದ್ಯ ಚೆನ್ನಾಗಿ ಹಾಡಿದಾಗ ನಮ್ಮ ಮಂದಿ ಕೂಗುವ "ಶಹಬ್ಬಾಸ್!" ಸಹ ಫಾರ್ಸಿಯದೇ. ಹೊರಗಿನ ಮಾತು ಬೇಡ ಎಂದರೆ ಮೊದಲು ಪರದೆಯನ್ನೇ ಇಳಿಸಬೇಕಾಗುತ್ತದೆ.

ಮಾತಷ್ಟೇ ಅಲ್ಲ, ಪರದೆ ಕಟ್ಟುವ ಪದ್ಧತಿಯ ಹಿಂದೆಯೂ ಇರಾನಿನ ನೆನಪಿದೆ. ನೂರಾರು ವರ್ಷಗಳ ಹಿಂದೆ ಇರಾನಿನಿಂದ ಗುಜರಾತಿನ ಕರಾವಳಿಗೆ ಬಂದು ನೆಲೆಸಿದವರು ಪಾರ್ಸಿಗಳು. ಅವರ ಪಾರ್ಸಿ ನಾಟಕ ಮಂಡಳಿ 1853ರಲ್ಲಿ ಮುಂಬಯಿಯಲ್ಲಿ ಆಡಿದ್ದು ರುಸ್ತುಂ-ಸೊಹ್ರಾಬರ ಕತೆಯನ್ನು. ಕತೆ ಫಿರ್ದೌಸಿಯ ಶಾಹನಾಮೆಯದು, ಆಡಿದ ಭಾಷೆ ಗುಜರಾತಿ. 1871ರ ಹೊತ್ತಿಗೆ ಪಾರ್ಸಿ ಕಂಪನಿಗಳು ಉರ್ದುವಿನಲ್ಲೂ ಆಡತೊಡಗಿದವು. ಹರಿಶ್ಚಂದ್ರನೂ ಅವರ ಸ್ಟೇಜಿಗೆ ಬಂದ. ಹೀಗೆ ಎರಡೆರಡು ಭಾಷೆಯಲ್ಲಿ ಆಡುತ್ತ ಈ ಕಂಪನಿಗಳು ರೈಲು ಹೋದಲ್ಲೆಲ್ಲ ಹೋದವು. ಬಣ್ಣ ಬಳಿದ ಸೀನರಿ, ಸೈಡ್‌ವಿಂಗು, ಕಣ್ಣು ಕೋರೈಸುವ ಟ್ರಿಕ್ ಸೀನು, ಇವೆಲ್ಲ ಅವರಿಂದ, ಮರಾಠಿ ಕಂಪನಿಗಳಿಂದ ನಮ್ಮ ವೃತ್ತಿ ಕಂಪನಿಗಳಿಗೆ ಬಂದವು.

ಆ ಮರಾಠಿ ರಂಗಭೂಮಿಗೆ ಕಿಡಿ ಹೊತ್ತಿಸಿದವರು ಯಾರು? ನಮ್ಮ ಪಕ್ಕದ ಜಿಲ್ಲೆಯ ಕರ್ಕಿಯ ಭಾಗವತ ಮೇಳದವರು! ಅವರು ಸಾಂಗ್ಲಿಯಲ್ಲಿ ಆಡಿದ ಆಟದ ಬೆನ್ನಿಗೇ, 1843ರಲ್ಲಿ, ವಿಷ್ಣುದಾಸ ಭಾವೆ ಸೀತಾಸ್ವಯಂವರ ಆಡಿಸಿದರು. ಕೊಟ್ಟದ್ದೂ ಉಂಟು, ತಂದದ್ದೂ ಉಂಟು.

ನಮ್ಮ ನಾಲ್ಕು ತಾಲೂಕುಗಳಿಗೆ ಇದು ಹೊಸದೇನಲ್ಲ. ಸವಣೂರು 1948ರವರೆಗೆ ಪಠಾಣ ನವಾಬರ ಸಂಸ್ಥಾನ. ಅದೇ ಊರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಕನ್ನಡಕ್ಕೆ ಜ್ಞಾನಪೀಠ ತಂದರು. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ ಶರೀಫಜ್ಜ ಗೋವಿಂದಭಟ್ಟರ ಶಿಷ್ಯನಾಗಿ ಬಾಳಿದ. ಹಿರೇಕೆರೂರು ಸೀಮೆಯ ಮಾಸೂರಿನವರು ಊರೂರು ತಿರುಗಿದ ಸರ್ವಜ್ಞನನ್ನು ನಮ್ಮವನು ಅನ್ನುತ್ತಾರೆ. ನಮ್ಮ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿಗಳು, ದೇವಗಿರಿಯ ಪುಟ್ಟರಾಜ ಗವಾಯಿಗಳು ಕಟ್ಟಿ ಬೆಳೆಸಿದ ಗದಗಿನ ಆಶ್ರಮಕ್ಕೆ ನಾಟಕ ಕಂಪನಿಯೂ ಆಸರೆಯಾಗಿತ್ತು. ಅಂಧ ಕಲಾವಿದರು ಅಲ್ಲಿ ಪಾತ್ರ ಮಾಡಿದರು. ಕಣ್ಣಿಲ್ಲದವರಿಗೆ ಜಾಗ ಕೊಟ್ಟ ಸ್ಟೇಜು, 'ಳ' ತಪ್ಪಿದವನಿಗೆ ಯಾಕೆ ಕೊಡಬಾರದು?

ಆ ಹಿರಿಯರ ಆತಂಕ ಸುಳ್ಳು ಅಂತ ನಾನು ಹೇಳುವುದಿಲ್ಲ. ಬ್ಯಾಂಕಿನಲ್ಲಿ, ರೈಲಿನಲ್ಲಿ, ಪರೀಕ್ಷೆಯಲ್ಲಿ ಕನ್ನಡ ಹಿಂದೆ ಸರಿಯುತ್ತಿರುವಾಗ ಜಾತ್ರೆಯ ನಾಟಕವಾದರೂ ನಮ್ಮದಾಗಿರಲಿ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಆ ಜಗಳ ಆಡಬೇಕಾದದ್ದು ಬ್ಯಾಂಕಿನ ಕೌಂಟರಿನಲ್ಲಿ, ಗ್ಯಾರೇಜಿನ ಹುಡುಗನ ಮುಂದಲ್ಲ. ಎರಡು ತಾಸು ಕನ್ನಡದ ಮಾತು ಬಾಯಿಪಾಠ ಮಾಡಿ ಸಾವಿರ ಜನರ ಮುಂದೆ ಹೇಳಲು ಅವನು ತಾನಾಗಿಯೇ ಬಂದಿದ್ದ. ಅವನ ಮನೆಯವರು, ಗೆಳೆಯರು ಎಲ್ಲ ಗಾಡಿ ಮಾಡಿಕೊಂಡು ಬಂದು ಕನ್ನಡ ನಾಟಕ ನೋಡುತ್ತಿದ್ದರು. ಎರಡು ವಾಕ್ಯ ಉರ್ದು ತಡೆಯಲು ಹೋಗಿ ನಾವು ಅಷ್ಟು ಜನ ಪ್ರೇಕ್ಷಕರನ್ನು ಕಳೆದುಕೊಂಡೆವು. ಇದರಲ್ಲಿ ಕನ್ನಡಕ್ಕೆ ಆದ ಲಾಭವಾದರೂ ಏನು?

ಎರಡು ಭಾಷೆಯ ನಾಟಕ ಆಗದ ಮಾತೂ ಅಲ್ಲ. ಇರಾನಿನಿಂದ ಕೆನಡಾಕ್ಕೆ ವಲಸೆ ಹೋದ ನಾಟಕಕಾರ ಮೊಹಮ್ಮದ್ ಯಾಗೂಬಿ ತಮ್ಮ ಹೆಂಡತಿಯೊಡನೆ ಟೊರಾಂಟೊದಲ್ಲಿ ಕಟ್ಟಿದ ತಂಡ ಇಂಗ್ಲಿಷಿನಲ್ಲೂ ಫಾರ್ಸಿಯಲ್ಲೂ ಆಡುತ್ತದೆ. ನಮ್ಮಲ್ಲಿ ಇನ್ನೂ ಸುಲಭ. ಹಾನಗಲ್ಲ ತಾಲೂಕಿನ ಶೇಷಗಿರಿಯಲ್ಲಿ ಒಂದು ಹಳ್ಳಿಯೇ ನಾಟಕ ಕಟ್ಟುವುದನ್ನು ಕಲಿತಿದೆ. ಶಿಗ್ಗಾವಿ ಪಕ್ಕದ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಶರೀಫಜ್ಜನ ಬಾಳಿನ ಮೇಲೋ, ಸವಣೂರಿನ ಮೇಲೋ ಕನ್ನಡ-ಉರ್ದು ಎರಡೂ ಸೇರಿದ ಒಂದು ನಾಟಕವನ್ನು ಈ ನಾಲ್ಕು ತಾಲೂಕಿನ ಹುಡುಗರು ಸೇರಿ ಆಡಲಾರರೇ?

ಇನ್ನೊಂದು ಸಂಗತಿ. 1931ರಲ್ಲಿ 'ಆಲಂ ಆರಾ' ತೆಗೆದ ಅರ್ದೇಶಿರ್ ಇರಾನಿಯವರ ಕಂಪನಿಯೇ 1933ರಲ್ಲಿ ಫಾರ್ಸಿಯ ಮೊದಲ ಟಾಕಿ 'ದುಖ್ತರ್-ಎ-ಲೋರ್' ತೆಗೆಯಿತು. ತಯಾರಾದದ್ದು ಮುಂಬಯಿಯಲ್ಲಿ. ವಲಸೆ ಬಂದವರ ಮಕ್ಕಳು ಬಿಟ್ಟುಬಂದ ನಾಡಿಗೆ ಅದರ ಮಾತನ್ನೇ ಪರದೆಯ ಮೇಲೆ ತಿರುಗಿ ಕಳಿಸಿದರು.

ಸವಣೂರಿನ ಕಲ್ಮಠದಲ್ಲಿ ಆಫ್ರಿಕಾ ಮೂಲದ ಭಾರೀ ಮರಗಳಿವೆ. ಯಾರು ತಂದು ನೆಟ್ಟರೋ, ನಮ್ಮ ಮಂದಿ ಅವಕ್ಕೆ 'ದೊಡ್ಡ ಹುಣಸೆ' ಅಂತ ಹೆಸರಿಟ್ಟು ತಮ್ಮವನ್ನಾಗಿ ಮಾಡಿಕೊಂಡರು. ಮರಕ್ಕೆ ಸಿಕ್ಕ ಮರ್ಯಾದೆ ಆ ಊರಿನ ಹುಡುಗನಿಗೆ ಸಿಗಲಿಲ್ಲ.

ಮುಂದಿನ ಜಾತ್ರೆಗೆ ರಜೆ ಹಾಕಿ ಮೊದಲೇ ಹೋಗುತ್ತೇನೆ. ಗ್ಯಾರೇಜಿಗೆ ಹೋಗಿ ಅವನನ್ನು ಕರೆಯುವುದು, ಆ ಹಿರಿಯರ ಎದುರು ಈ ಸಲವಾದರೂ ಬಾಯಿ ಬಿಡುವುದು, ಎರಡೂ ನನ್ನ ಮೇಲಿನ ಬಾಕಿ. ನಿಮ್ಮೂರ ನಾಟಕಗಳಲ್ಲಿ ಹೇಗೆ? ಬರೆದು ತಿಳಿಸಿ.