ಗಲ್ಲಾದಿಂದ ಎದ್ದು ಸೈಕಲ್ಲಿನ ಕಡೆಗೆ



ಹೋದ ತಿಂಗಳು ಸಂಘದ ಸಭೆ ಮುಗಿದು ಉಪ್ಪಿಟ್ಟು, ಚಹಾ ನಡೆಯುತ್ತಿದ್ದಾಗ ನಿಮ್ಮಲ್ಲೊಬ್ಬ ನನ್ನ ಬಳಿ ಬಂದ. "ಅಂಕಲ್, ನಲವತ್ತು ಸಾವಿರದ ಸೈಕಲ್ ತಗೊಂಡೆ. ಎರಡು ತಿಂಗಳಿಂದ ಬಾಲ್ಕನಿಯಲ್ಲೇ ಇದೆ. ಅಮ್ಮ ಅದರ ಮೇಲೆ ಟವೆಲ್ ಒಣಗಿಸ್ತಾಳೆ" ಎಂದ. ವಿಚಾರಿಸಿದರೆ, ಮೊದಲ ಭಾನುವಾರವೇ ಒಂದು ಗುಂಪಿನ ಬೆನ್ನು ಹತ್ತಿ ಐವತ್ತು ಕಿಲೊಮೀಟರ್ ಹೋಗಿ ಬಂದನಂತೆ. ಆಮೇಲೆ ಮೂರು ದಿನ ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲು ಇಳಿಯಲಾಗಲಿಲ್ಲವಂತೆ. ಈ ಸಲದ ಅಂಕಣ ಅವನಿಗಾಗಿ. ಉಳಿದವರೂ ಓದಬಹುದು; ಕನ್ನಡ ಓದಲು ತಡವರಿಸುವವರು ಅಜ್ಜಿಯ ಕೈಯಲ್ಲಿ ಓದಿಸಿಕೊಳ್ಳಿ.

ಮೊದಲು ನನ್ನ ಅಪ್ಪನ ವಿಷಯ ಹೇಳಬೇಕು. ಊರಿನಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹೋಟೇಲಿನಲ್ಲಿ ಮಾಣಿಯಾಗಿ ಇಪ್ಪತ್ತೆರಡು ವರ್ಷ ಮೇಜಿನಿಂದ ಮೇಜಿಗೆ ಓಡಿದರು, ಅಟ್ಟದ ಮೇಲಿನ ಸಾಮಾನು ಇಳಿಸಿದರು, ಅಂಗಡಿ ಅಂಗಡಿಗೆ ಸೈಕಲ್ಲಿನಲ್ಲಿ ಚಹಾ ಮುಟ್ಟಿಸಿದರು. ಆ ದಿನಗಳಲ್ಲಿ ಅವರಿಗೆ ನೆಗಡಿ ಬಂದದ್ದು ಬಿಟ್ಟರೆ ಬೇರೆ ಕಾಯಿಲೆ ನೆನಪಿಲ್ಲ. ಮುಂದೆ ಪಾಲುದಾರರಾಗಿ ಗಲ್ಲಾದಲ್ಲಿ ಕುಳಿತರು. ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ಎಂಟನೆಯ ವರ್ಷಕ್ಕೆ ಎದೆನೋವು, ಆಸ್ಪತ್ರೆ, ಶಸ್ತ್ರಚಿಕಿತ್ಸೆ. ಕುಳಿತದ್ದರಿಂದಲೇ ಹಾಗಾಯಿತೆಂದು ಹೇಳಲಾರೆ, ಬೀಡಿಯೂ ಇತ್ತು. ಆದರೂ ನನಗೆ ಸಂಶಯ ಉಳಿದುಬಿಟ್ಟಿತು.

ಬಹಳ ವರ್ಷಗಳ ನಂತರ ಜೆರ್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರ ವಿಷಯ ಓದಿದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅವರು ಅಧ್ಯಯನ ಮಾಡಿ 1953ರಲ್ಲಿ ಪ್ರಕಟಿಸಿದರು. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ತರಹದ ಮನೆ. ಆದರೆ ದಿನವಿಡೀ ಕುಳಿತಿರುವ ಡ್ರೈವರುಗಳಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಓದಿದಾಗ ಅಪ್ಪನೇ ಕಣ್ಣ ಮುಂದೆ ಬಂದರು. ಇಪ್ಪತ್ತೆರಡು ವರ್ಷ ಕಂಡಕ್ಟರ್, ಎಂಟು ವರ್ಷ ಡ್ರೈವರ್!

ಈಗ ನಿಮ್ಮ ಕಡೆ ನೋಡಿ. ಐರೋಲಿ, ಮಹಾಪೆಯ ಆಫೀಸುಗಳಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ನೀವು ಗಲ್ಲಾದಲ್ಲಿ ಕುಳಿತಿದ್ದೀರಿ. "ಲೋಕಲ್ಲಿನಲ್ಲಿ ನಿಂತೇ ಹೋಗುತ್ತೇವಲ್ಲ" ಎನ್ನಬೇಡಿ, ಒಂಟಿಕಾಲಲ್ಲಿ ನೇತಾಡುವುದು ವ್ಯಾಯಾಮವಲ್ಲ. ಸಾಲದ್ದಕ್ಕೆ ನಮ್ಮ ಮೈಯ ಗುಣವೂ ಬೇರೆ. ತೂಕ ತೀರ ಹೆಚ್ಚದೆಯೇ ನಮ್ಮವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿ.ಎಂ.ಐ. 25 ದಾಟಿದರೆ ಅಪಾಯವೆಂಬುದು ಸಾಮಾನ್ಯ ಲೆಕ್ಕ. ಏಷ್ಯಾದವರು 23ಕ್ಕೇ ಎಚ್ಚರವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ನಾನು ಮೂವತ್ತೆಂಟಕ್ಕೆ ಕಂಪನಿಯ ತಪಾಸಣೆಗೆ ಹೋದಾಗ ಮೂರು ತಿಂಗಳ ಸಕ್ಕರೆಯ ಸರಾಸರಿ 6.2 ಬಂತು. ಕಾಯಿಲೆಯ ಹೊಸ್ತಿಲಲ್ಲಿದ್ದೆ. ಆಗ ಸೈಕಲ್ ಹತ್ತಿದೆ.

ಹತ್ತಿ, ನಮ್ಮ ಹುಡುಗ ಮಾಡಿದ ತಪ್ಪನ್ನೇ ನಾನೂ ಮಾಡಿದೆ. ಒಂದು ಕ್ಲಬ್ಬಿನವರ ಜೊತೆ ಕಟಾಯಿ ನಾಕಾದಿಂದ ಬದ್ಲಾಪುರದ ಕಡೆ ಹೊರಟೆ. ಎಲ್ಲ ಇಪ್ಪತ್ತೈದರ ಒಳಗಿನವರು. ಮರ್ಯಾದೆಯ ಪ್ರಶ್ನೆ ನೋಡಿ, ಬಿಡದೆ ತುಳಿದೆ. ಖೋಣಿ ದಾಟುವಾಗ ತೊಡೆಯ ಸ್ನಾಯು ಹಿಡಿದುಕೊಂಡಿತು. ತರಕಾರಿ ಟೆಂಪೋದಲ್ಲಿ, ಸೈಕಲ್ಲನ್ನು ಎಲೆಕೋಸಿನ ಮೇಲೆ ಮಲಗಿಸಿಕೊಂಡು ಮನೆ ಸೇರಿದೆ. ಅಪ್ಪ ಬಾಗಿಲು ತೆರೆದು ನನ್ನನ್ನೂ ಸೈಕಲ್ಲನ್ನೂ ನೋಡಿ ಹೇಳಿದ್ದು ಇಷ್ಟೇ: "ಚಹಾ ಚೆಲ್ಲದ ಹಾಗೆ ತುಳಿಯಬೇಕು ಮಾರಾಯ."

ಕೆಟಲನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುತ್ತಿದ್ದವರ ಮಾತು ಅದು. ವ್ಯಾಯಾಮಶಾಸ್ತ್ರ ಹೇಳುವುದೂ ಅದನ್ನೇ. ತುಳಿಯುತ್ತಿರುವಾಗ ಪಕ್ಕದವನೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. (ಕನ್ನಡದಲ್ಲಿ ಪೂರ್ತಿ ವಾಕ್ಯ ನಿಮಗೆ ಸೈಕಲ್ಲಿಲ್ಲದೆಯೂ ಕಷ್ಟವಾದೀತು, ಆಗ ಮರಾಠಿಯಲ್ಲಾದರೂ ಮಾತಾಡಿ.) ಏದುಸಿರು ಬಂದರೆ ನಿಧಾನಿಸಿ. ಆರಂಭದ ಎರಡು ಮೂರು ತಿಂಗಳು ಇದಕ್ಕಿಂತ ಜೋರು ಬೇಡವೇ ಬೇಡ.

ಇನ್ನೊಂದು ಸಂಗತಿ ಯಾರೂ ನಿಮಗೆ ಹೇಳಿರಲಾರರು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಮಾತನ್ನು ಮೈ ಚೆನ್ನಾಗಿ ಕೇಳುತ್ತದೆ, ಆಮೇಲೆ ಮತ್ತೆ ಹಳೇ ಚಾಳಿ. ಹಾಗಾಗಿ ಭಾನುವಾರ ನೂರು ಕಿಲೊಮೀಟರ್ ತುಳಿದು ಆರು ದಿನ ಮಲಗುವ ವೀರನಿಗಿಂತ, ವಾರಕ್ಕೆ ನಾಲ್ಕು ದಿನ ನಲವತ್ತು ನಿಮಿಷ ತುಳಿಯುವ ಸಾಧಾರಣನಿಗೆ ಲಾಭ ಹೆಚ್ಚು. ವಾರಕ್ಕೆ 150 ನಿಮಿಷವೆಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಅಲ್ಲಿಗೆ ತುಂಬುತ್ತದೆ. ನನ್ನ 6.2 ಒಂದು ವರ್ಷಕ್ಕೆ 5.8ಕ್ಕೆ ಇಳಿಯಿತು. ಹೊಸ್ತಿಲು ಇನ್ನೂ ಪೂರ್ತಿ ದಾಟಿಲ್ಲ, ಸುಳ್ಳು ಹೇಳಿ ಪ್ರಯೋಜನವೇನು?

ಒಂಟಿಯಾಗಿಯೋ, ಗುಂಪಿನಲ್ಲೋ? ವಾರದ ದಿನಗಳಲ್ಲಿ ಒಂಟಿಯೇ ಮೇಲು. ಬೆಳಿಗ್ಗೆ ಐದೂವರೆಗೆ ಠಾಕುರ್ಲಿ ಪೂರ್ವದ ತೊಂಬತ್ತಡಿ ರಸ್ತೆಯಲ್ಲಿ ನಾಲ್ಕಾರು ಸುತ್ತು ಹಾಕಿದರೆ ಸಾಕು, ಸ್ಲೋ ಲೋಕಲ್ಲಿಗೂ ತಡವಾಗದು. ಗುಂಪಿನ ಉಪಯೋಗ ಬೇರೆ: ಐದಕ್ಕೆ ಅಲಾರಮ್ಮು ಹೊಡೆದಾಗ ಯಾರೋ ಕೆಳಗೆ ಕಾಯುತ್ತಿದ್ದಾರೆಂಬ ನಾಚಿಕೆಗಾದರೂ ಏಳುತ್ತೀರಿ. ಮುಂದಿನವನ ಬೆನ್ನಿಗಿದ್ದರೆ ಗಾಳಿ ತಡೆದು ಶ್ರಮ ಉಳಿಯುತ್ತದೆ, ಆದರೆ ಗುಂಡಿ ಕಾಣುವುದಿಲ್ಲ. ಆದ್ದರಿಂದ ಮುಂದಿನವ ಕೈ ತೋರಿಸಿ "ಖಡ್ಡಾ" ಎಂದು ಕೂಗಲೇಬೇಕು. ಕೂಗದ ಗುಂಪನ್ನು ಬಿಟ್ಟುಬಿಡಿ. ಅತ್ಯಂತ ನಿಧಾನದವನನ್ನು ಕಾಯದ ಗುಂಪನ್ನೂ ಬಿಟ್ಟುಬಿಡಿ.

ದೂರದ ಆಸೆ ಇದ್ದವರಿಗೆ ಬ್ರೆವೆ ಎಂಬುದಿದೆ. ಮುಂಬಯಿಯಲ್ಲೂ ಬೆಂಗಳೂರಿನಲ್ಲೂ ನಡೆಯುತ್ತದೆ. 200 ಕಿಲೊಮೀಟರಿಗೆ ಹದಿಮೂರೂವರೆ ಗಂಟೆ ಸಮಯ. ಅಂದರೆ ಗಂಟೆಗೆ ಹದಿನೈದು ಕಿಲೊಮೀಟರಿಗೂ ಕಡಿಮೆ. ಮೊದಲು ಬಂದವನಿಗೆ ಬಹುಮಾನವಿಲ್ಲ. ನನಗೆ ಹಿಡಿಸಿದ್ದು ಅದೇ. ಸ್ಪರ್ಧೆಯೇ ಬೇಕೆನ್ನುವವರು ನಮ್ಮ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರನ್ನು ನೋಡಬೇಕು. ರಸ್ತೆ ಸೈಕ್ಲಿಂಗಿನಲ್ಲಿ ಕರ್ನಾಟಕಕ್ಕೆ ಹೆಸರು ತಂದ ಜಿಲ್ಲೆಗಳವು. ರಜೆಯಲ್ಲಿ ಆ ಕಡೆ ಊರಿಗೆ ಹೋಗುವವರು ವಿಚಾರಿಸಿ ಬನ್ನಿ.

ಇನ್ನು ಬಾಲ್ಕನಿಯ ಸೈಕಲ್ಲು. ಅಮ್ಮನ ಟವೆಲ್ ತೆಗೆಯಿರಿ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿಗಿಟ್ಟಾಗ ಕಾಲು ನೇರವಾಗಬೇಕು, ಅಷ್ಟು ಎತ್ತರ ಸರಿ. ಮೊಣಕಾಲು ನೋವೆಂದು ದೂರುವವರು ಮೊದಲು ಇದನ್ನೇ ನೋಡಬೇಕು. ಹೆಲ್ಮೆಟ್, ಹಿಂದೊಂದು ಕೆಂಪು ದೀಪ, ನೀರು. ಕಲ್ಯಾಣ್–ಶೀಳ್ ರಸ್ತೆಗೆ ಲಾರಿಗಳು ಏಳುವ ಮುಂಚೆ ಹೋಗಿ ಬನ್ನಿ. ಮೊದಲ ಮಳೆಯ ದಿನ ರಸ್ತೆಯ ಎಣ್ಣೆ, ಬಿಳಿ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ ಎಲ್ಲವೂ ಜಾರುತ್ತವೆ. ನೀರು ನಿಂತಲ್ಲೆಲ್ಲ ಗುಂಡಿಯಿದೆ ಎಂದೇ ತಿಳಿಯಿರಿ. ಎದೆಯಲ್ಲಿ ಬಿಗಿತ, ತಲೆಸುತ್ತು ಕಂಡರೆ ಇಳಿದು ವೈದ್ಯರ ಬಳಿ ಹೋಗಿ, ನಾಚಿಕೆ ಬೇಡ.

ಬರುವ ಭಾನುವಾರ ಐದೂವರೆಗೆ ಸ್ಟೇಷನ್ನಿನ ಪೂರ್ವದ ಚಹಾ ಅಂಗಡಿಯ ಮುಂದೆ ನಾನಿರುತ್ತೇನೆ. ನೆವಾಳಿಯವರೆಗೆ ಹೋಗಿ ಮಲಂಗಗಡದ ಹಿಂದೆ ಬೆಳಕಾಗುವುದನ್ನು ನೋಡಿ ಬರೋಣ, ಹೋಗಿ ಬರಲು ಸುಮಾರು ಮೂವತ್ತು ಕಿಲೊಮೀಟರ್. ಎಲ್ಲರಿಗಿಂತ ಹಿಂದೆ ನಾನೇ ಇರುತ್ತೇನೆ. ಗಾಳಿ ಹಾಕುವ ಪಂಪು ಇದ್ದವರು ತನ್ನಿ, ನನ್ನದು ಕೆಟ್ಟಿದೆ.